ವಿದೇಶ ಟ್ರಿಪ್ಪಿಗೆ ಯಾವ ಕ್ರೆಡಿಟ್ ಕಾರ್ಡ್ ತಗೊಂಡೋಗ್ಲಿ?

ಪ್ರಶ್ನೆ: ನಮಸ್ಕಾರ ಸರ್, ನೀವು ಬ್ಯಾಂಕಲ್ಲಿ ಕಾರ್ಡ್ ವಿಭಾಗದಲ್ಲೇ ಕೆಲ್ಸ ಮಾಡಿದೋರು ಅಂತ ಗೊತ್ತಾಯ್ತು, ಅದಕ್ಕೆ ಕೇಳ್ತಿದೀನಿ. ನಾನೂ ನಮ್ಮೆಜಮಾನ್ರೂ ಮೊದಲ್ನೇ ಸಲ ವಿದೇಶಕ್ಕೆ ಹೋಗ್ತಿದೀವಿ. ಈಗಿರೋ ಕಾರ್ಡಲ್ಲಿ ವಿದೇಶದ ಖರ್ಚಿಗೆ ಡಬಲ್ ಪಾಯಿಂಟ್ ಅಂತ ಮೆಸೇಜ್ ಬಂದಿದೆ, ಆದ್ರೆ ಫ್ರೆಂಡ್ ಒಬ್ರು ಅದನ್ನ ಬಿಡಿ, ಝೀರೋ ಮಾರ್ಕಪ್ ಕಾರ್ಡ್ ಮಾಡಿಸ್ಕೊಳಿ ಅಂತಾರೆ, ಅದ್ರಲ್ಲಿ ಪಾಯಿಂಟೇ ಇಲ್ಲ. ಯಾವ್ದು ವಾಸಿ?

ಉತ್ತರ: ನಮಸ್ಕಾರ ಮೇಡಂ. ನಿಮ್ಮ ಫ್ರೆಂಡ್ ಹೇಳಿದ್ದೇ ಸರಿ ಇರೋ ಸಾಧ್ಯತೆ ಜಾಸ್ತಿ, ಆದ್ರೂ ಲೆಕ್ಕ ಹಾಕಿ ನೋಡಿ. ಬೇರೆ ಕರೆನ್ಸಿಲಿ ಕಾರ್ಡ್ ಉಜ್ಜಿದಾಗ ವೀಸಾ, ಮಾಸ್ಟರ್‌ಕಾರ್ಡ್ ಥರದ ನೆಟ್‌ವರ್ಕ್ ತನ್ನ ರೇಟಲ್ಲಿ ಹಣ ಪರಿವರ್ತನೆ ಮಾಡತ್ತೆ, ಅದ್ರ ಮೇಲೆ ನಿಮ್ಮ ಬ್ಯಾಂಕು ಮಾರ್ಕಪ್ ಅಂತ ಸೇರ್ಸತ್ತೆ, ಬಹಳ ಕಾರ್ಡುಗಳಲ್ಲಿ ಇದು 3 ಪರ್ಸೆಂಟ್ ಆಸುಪಾಸು ಇರತ್ತೆ, ಕೆಲವು ದೇಶದಲ್ಲಿ ಆ ಮಾರ್ಕಪ್ ಮೇಲೆ ಮತ್ತೆ ಟ್ಯಾಕ್ಸು. ಈಗ ನೀವು ಒಂದು ಲಕ್ಷ ಖರ್ಚು ಮಾಡಿದ್ರಿ ಅಂದ್ಕೊಳಿ, 3 ಪರ್ಸೆಂಟ್ ಅಂದ್ರೆ 3000 ಹೋಯ್ತು. ಡಬಲ್ ಪಾಯಿಂಟ್ ಅಂದ್ರೂ ಅದ್ರ ನಿಜವಾದ ಬೆಲೆ 1 ಪರ್ಸೆಂಟ್ ಆಗಿದ್ರೆ ವಾಪಸ್ ಬರೋದು 1000 ಅಷ್ಟೇ, ಅಲ್ಲಿಗೆ 2000 ಕೈಬಿಟ್ಟ ಹಾಗಾಯ್ತು. ಪಾಯಿಂಟಿನ ಬೆಲೆ ಮಾರ್ಕಪ್ಪನ್ನ ದಾಟತ್ತೆ ಅನ್ನೋದಾದ್ರೆ ಮಾತ್ರ ಹಳೇ ಕಾರ್ಡ್ ಇಟ್ಕೊಳಿ. ಹೊಸ ಕಾರ್ಡಿಗೆ ವಾರ್ಷಿಕ ಶುಲ್ಕ ಇದ್ರೆ ಅದನ್ನೂ ಕಳೀರಿ. ನಿಮ್ಮ ಕಾರ್ಡಿನ ಮಾರ್ಕಪ್ ಎಷ್ಟು ಅನ್ನೋದು ಜಾಹೀರಾತಲ್ಲಿ ಸಿಗಲ್ಲ, ಶುಲ್ಕದ ಪಟ್ಟಿ ತೆಗೆದು ಫಾರಿನ್ ಕರೆನ್ಸಿ ಅನ್ನೋ ಸಾಲು ಹುಡುಕಿ.

ಪ್ರಶ್ನೆ: ಅರ್ಥ ಆಯ್ತು ಸರ್. ಅಲ್ಲಿ ಕ್ಯಾಶ್ ಬೇಕಾದ್ರೆ ಅದೇ ಕಾರ್ಡ್ ಹಾಕಿ ಎಟಿಎಂನಲ್ಲಿ ತೆಗೀಬೋದಾ? ಝೀರೋ ಮಾರ್ಕಪ್ ಅಲ್ವಾ?

ಉತ್ತರ: ಬೇಡ ಮೇಡಂ, ದಯವಿಟ್ಟು ಅದೊಂದು ಮಾಡ್ಬೇಡಿ. ಸಾಮಾನ್ಯವಾಗಿ ಕ್ರೆಡಿಟ್ ಕಾರ್ಡಲ್ಲಿ ಕ್ಯಾಶ್ ತೆಗೆದ್ರೆ ತೆಗೆದ ದಿನದಿಂದ್ಲೇ ಬಡ್ಡಿ ಓಡತ್ತೆ, ಬಿಲ್ ಡ್ಯೂ ಡೇಟ್ ತನಕ ಸಿಗೋ ಬಡ್ಡಿ ಇಲ್ಲದ ಸಮಯ ಅದಕ್ಕಿಲ್ಲ, ಮೇಲೆ ಕ್ಯಾಶ್ ಅಡ್ವಾನ್ಸ್ ಶುಲ್ಕ ಬೇರೆ, ಆ ಎಟಿಎಂನೋರದ್ದೂ ಒಂದು ಚಾರ್ಜ್ ಇರ್ಬೋದು. ಝೀರೋ ಮಾರ್ಕಪ್ ಇವ್ಯಾವ್ದನ್ನೂ ತಡೆಯಲ್ಲ. ಕ್ಯಾಶಿಗೆ ಡೆಬಿಟ್ ಕಾರ್ಡೋ ಫಾರೆಕ್ಸ್ ಕಾರ್ಡೋ (ಮೊದ್ಲೇ ವಿದೇಶಿ ಹಣ ತುಂಬ್ಸಿಟ್ಕೊಳೋ ಕಾರ್ಡ್) ಇಟ್ಕೊಳಿ, ಅದ್ರ ಶುಲ್ಕನೂ ಮೊದ್ಲೇ ನೋಡಿ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದ್ರೂ ಹೇಳ್ಲೇಬೇಕು, ಒಳ್ಳೇ ಕಾರ್ಡ್ ಇಟ್ಕೊಂಡೂ ಜನ ದುಡ್ಡು ಕಳ್ಕೊಳೋದು ಇಲ್ಲೇ. ಅಂಗಡಿಲಿ ಕಾರ್ಡ್ ಹಾಕಿದ್ ತಕ್ಷಣ ಎಷ್ಟೋ ಕಡೆ ಮಷೀನಿನ ಸ್ಕ್ರೀನಲ್ಲಿ ಎರಡು ಮೊತ್ತ ಬರತ್ತೆ, ಒಂದು ಆ ದೇಶದ ಕರೆನ್ಸಿಲಿ, ಇನ್ನೊಂದು ನಮ್ಮದ್ರಲ್ಲಿ. ನಮ್ಮ ಕರೆನ್ಸಿ ನೋಡಿದ್ ಕೂಡ್ಲೇ ಕೈ ಅದಕ್ಕೇ ಹೋಗತ್ತೆ. ಹೀಗೆ ಅಲ್ಲೇ ನಮ್ಮ ಕರೆನ್ಸಿಗೆ ಬದಲಾಯ್ಸೋದಕ್ಕೆ ಡಿಸಿಸಿ (ಡೈನಮಿಕ್ ಕರೆನ್ಸಿ ಕನ್ವರ್ಷನ್) ಅಂತಾರೆ, ಇದ್ರಲ್ಲಿ ರೇಟು ಹಾಕೋದು ನಿಮ್ಮ ಬ್ಯಾಂಕಲ್ಲ, ಆ ಅಂಗಡಿ ಕಡೆಯ ಕಂಪನಿ, ಅವ್ರು ಸೇರ್ಸೋ ಪರ್ಸೆಂಟ್ ಬ್ಯಾಂಕಿನ ಮಾರ್ಕಪ್ಪಿಗಿಂತ ಜಾಸ್ತಿನೂ ಇರ್ಬೋದು. ಹಂಗಾಗಿ ಯಾವಾಗ್ಲೂ ಆ ದೇಶದ ಕರೆನ್ಸಿನೇ ಒತ್ತಿ. ಕೆಲವು ಕಡೆ ಸಿಬ್ಬಂದಿ ನಿಮ್ಮನ್ನ ಕೇಳ್ದೇ ಒತ್ತಿ ಕೊಟ್ಬಿಡ್ತಾರೆ, ಸ್ಲಿಪ್ ಕೈಗೆ ಬಂದಾಗ ಯಾವ ಕರೆನ್ಸಿ ಇದೆ ನೋಡಿ, ನಮ್ದಿದ್ರೆ ಅಲ್ಲೇ ನಿಂತು ಕ್ಯಾನ್ಸಲ್ ಮಾಡ್ಸಿ ಮತ್ತೆ ಹಾಕ್ಸಿ, ನಾಚ್ಕೋಬೇಡಿ, ಬೇಡ ಅನ್ನೋ ಹಕ್ಕು ನಿಮಗಿದೆ. ಎಟಿಎಂಲೂ ಇದೇ ಪ್ರಶ್ನೆ ಬರ್ಬೋದು.

ಮತ್ತೊಬ್ಬ ಸದಸ್ಯರು: ಸರ್ ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ, ಒಂದೇ ಕಾರ್ಡ್ ಸಾಕಾ? ಕಾರ್ ಬಾಡಿಗೆಗೆ ತಗೊಳೋ ಪ್ಲಾನ್ ಇದೆ ನಮ್ದು.

ಉತ್ತರ: ಒಂದೇ ಸಾಕಾಗಲ್ಲ ಸರ್. ಎರಡು ಇರ್ಲಿ, ಬೇರೆ ಬೇರೆ ನೆಟ್‌ವರ್ಕ್ ಆಗಿದ್ರೆ ಒಳ್ಳೇದು, ಒಂದನ್ನ ಪರ್ಸಲ್ಲಿ ಇನ್ನೊಂದನ್ನ ಬ್ಯಾಗಲ್ಲಿ ಇಡಿ. ವೀಸಾ, ಮಾಸ್ಟರ್‌ಕಾರ್ಡ್ ಹೆಚ್ಚುಕಮ್ಮಿ ಎಲ್ಲಾ ಕಡೆ ನಡೀತಾವೆ, ಅಮೆರಿಕನ್ ಎಕ್ಸ್‌ಪ್ರೆಸ್ ಸಣ್ಣ ಅಂಗಡಿಗಳಲ್ಲಿ ತಗೊಳ್ದೇ ಇರ್ಬೋದು. ಕಾರ್ ಬಾಡಿಗೆಯೋರೂ ಹೋಟೆಲಿನೋರೂ ಬಿಲ್ಲಿಗಿಂತ ಜಾಸ್ತಿ ಮೊತ್ತನ ಡಿಪಾಸಿಟ್ ಅಂತ ಬ್ಲಾಕ್ ಮಾಡ್ತಾರೆ, ದುಡ್ಡು ಕಟ್ ಆಗಲ್ಲ ಆದ್ರೆ ಲಿಮಿಟ್ ಇಳಿಯತ್ತೆ, ಬಿಡುಗಡೆ ಆಗಕ್ಕೆ ಕೆಲವು ದಿನ ಹಿಡಿಯತ್ತೆ, ಲಿಮಿಟ್ ಕಮ್ಮಿ ಇರೋ ಕಾರ್ಡ್ ಅಲ್ಲಿಗೆ ಕೊಟ್ರೆ ಊಟಕ್ಕೆ ಕಾರ್ಡ್ ಉಜ್ಜೋವಾಗ ಡಿಕ್ಲೈನ್ ಅಂತ ಬರತ್ತೆ. ಕಾರ್ಡಲ್ಲಿರೋ ಹೆಸ್ರು ಡ್ರೈವರ್ ಹೆಸ್ರಿಗೆ ಹೊಂದ್ಬೇಕು ಅಂತ ಸಾಮಾನ್ಯವಾಗಿ ಕೇಳ್ತಾರೆ, ಹಂಗಾಗಿ ಗಾಡಿ ಓಡ್ಸೋರ ಕಾರ್ಡೇ ಕೊಡಿ.

ಪ್ರಶ್ನೆ: ಹೊರಡೋ ಮೊದ್ಲು ಇನ್ನೇನಾದ್ರೂ ಮಾಡ್ಬೇಕಾ ಸರ್?

ಉತ್ತರ: ಬ್ಯಾಂಕಿನ ಆ್ಯಪ್‌ಗೆ ಹೋಗಿ ಇಂಟರ್‌ನ್ಯಾಷನಲ್ ಬಳಕೆ ಆನ್ ಇದೆಯಾ ನೋಡಿ, ಪಿನ್ ನೆನಪಿದೆಯಾ ಪರೀಕ್ಷೆ ಮಾಡಿ, ರೈಲು ಟಿಕೆಟ್ ಮಷೀನು, ಪೆಟ್ರೋಲ್ ಬಂಕ್ ಇಂಥ ಕಡೆ ಪಿನ್ ಕೇಳ್ದಾಗ ಸಹಾಯಕ್ಕೆ ಯಾರೂ ಇರಲ್ಲ. ಓಟಿಪಿ ಬರೋ ನಂಬರು ಅಲ್ಲಿ ಕೆಲ್ಸ ಮಾಡತ್ತಾ ಅನ್ನೋದನ್ನೂ ವಿಚಾರಿಸ್ಕೊಳಿ. ಕಾರ್ಡ್ ಕಳೆದ್ರೆ ಫೋನ್ ಮಾಡೋ ನಂಬರನ್ನ ದೇಶದ ಕೋಡ್ ಸಮೇತ ಒಂದು ಚೀಟಿಲಿ ಬರ್ಕೊಳಿ, ಮೊಬೈಲೂ ಪರ್ಸೂ ಒಟ್ಟಿಗೇ ಹೋದ್ರೆ ಅದೇ ಗತಿ. ಹೊಸ ಕಾರ್ಡಿಗೆ ಅರ್ಜಿ ಹಾಕೋದಿದ್ರೆ ಇವತ್ತೇ ಹಾಕಿ ಮೇಡಂ, ಮನೆಗೆ ಬಂದು ಆಕ್ಟಿವೇಟ್ ಆಗಕ್ಕೆ ಟೈಮ್ ಬೇಕು.