ಮಾನನಷ್ಟ ದಾವೆಯಲ್ಲಿ ವಾಕ್ ಸ್ವಾತಂತ್ರ್ಯವೊಂದೇ ರಕ್ಷಣೆಯಾಗುತ್ತದೆಯೇ?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ನಮ್ಮ ಅಪಾರ್ಟ್‌ಮೆಂಟ್ ನಿವಾಸಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ನಿರ್ವಹಣಾ ನಿಧಿಯ ಲೆಕ್ಕ ತಾಳೆಯಾಗುತ್ತಿಲ್ಲವೆಂದೂ ಕಾರ್ಯದರ್ಶಿಯವರು ಹಣ ನುಂಗಿದ್ದಾರೆಂದೂ ಬರೆದಿದ್ದೆ. ಪರಿಹಾರ ಕೇಳಿ ಅವರ ವಕೀಲರಿಂದ ನೋಟಿಸ್ ಬಂದಿದೆ. ಸಂವಿಧಾನದ 19ನೇ ವಿಧಿಯನ್ನು ಮುಂದಿಟ್ಟರೆ ಸಾಕಲ್ಲವೇ ಸರ್?

ಉತ್ತರ: ಸಾಲದು. 19(1)(ಎ) ವಿಧಿ ಕೊಡುವ ವಾಕ್ ಸ್ವಾತಂತ್ರ್ಯದ ಹಕ್ಕಿನ ಮೇಲೆ ಯಾವ ಕಾರಣಗಳಿಗಾಗಿ ನಿರ್ಬಂಧ ಹೇರಬಹುದೆಂದು 19(2) ಹೇಳುತ್ತದೆಯೋ ಅವುಗಳಲ್ಲಿ ಮಾನಹಾನಿಯೂ ಒಂದು. ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಕ್ರಿಮಿನಲ್ ಮಾನಹಾನಿಯ ಕಲಮುಗಳನ್ನು ಎತ್ತಿಹಿಡಿಯುವಾಗ, ವ್ಯಕ್ತಿಯ ಮರ್ಯಾದೆಯೂ ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಕಾಯುವ 21ನೇ ವಿಧಿಯ ರಕ್ಷಣೆಗೆ ಒಳಪಟ್ಟಿದೆ ಎಂದಿತು. ಅಂದರೆ ಸಂವಿಧಾನವನ್ನು ನಿಮ್ಮಂತೆಯೇ ಕಾರ್ಯದರ್ಶಿಯವರೂ ಆಧಾರವಾಗಿ ತೋರಿಸಬಲ್ಲರು.

ನಿಮ್ಮ ನಿಜವಾದ ರಕ್ಷಣೆ ಬರೆದ ಮಾತುಗಳಲ್ಲೇ ಇದೆ. ಲೆಕ್ಕ ತಾಳೆಯಾಗುತ್ತಿಲ್ಲವೆಂಬುದನ್ನು ಬ್ಯಾಂಕ್ ಪಾಸ್‌ಬುಕ್, ರಸೀದಿಗಳಿಂದ ತೋರಿಸಬಹುದು, ಆದರೆ ಹಣ ನುಂಗಿದ್ದಾರೆಂಬುದು ಅಪರಾಧದ ಆರೋಪ. ಸಿವಿಲ್ ದಾವೆಯಲ್ಲಿ ಸತ್ಯವು ಪೂರ್ಣ ರಕ್ಷಣೆಯೇ ಆದರೂ ಅದನ್ನು ರುಜುವಾತುಪಡಿಸುವ ಹೊಣೆ ಪ್ರತಿವಾದಿಯಾದ ನಿಮ್ಮದು. ಲೆಕ್ಕದ ವ್ಯತ್ಯಾಸದಿಂದಲೇ ಕಳವು ಸಾಬೀತಾಗುವುದಿಲ್ಲ. ನ್ಯಾಯೋಚಿತ ಟೀಕೆ ಎಂಬ ವಾದಕ್ಕೂ ಆಧಾರವಾದ ಸಂಗತಿಗಳು ನಿಜವಾಗಿರಬೇಕು, ಓದಿದವರಿಗೆ ಅದು ಅಭಿಪ್ರಾಯವೆಂದೇ ಕಾಣಬೇಕು.

ನನಗೆ ಹೆಚ್ಚು ಬಲವಾಗಿ ತೋರುವ ವಾದ ಬೇರೆಯದು. ಸಮಾನ ಹಿತಾಸಕ್ತಿಯುಳ್ಳವರು, ಇಲ್ಲಿ ನಿಧಿಗೆ ಹಣ ಕಟ್ಟುವ ಸದಸ್ಯರು, ಆ ವಿಷಯವಾಗಿ ತಮ್ಮತಮ್ಮಲ್ಲಿ ದುರುದ್ದೇಶವಿಲ್ಲದೆ ಆಡಿದ ಮಾತಿಗೆ ಕಾನೂನು ಸೀಮಿತ ವಿಶೇಷಾಧಿಕಾರ, ಅಂದರೆ ಮಾನನಷ್ಟ ದಾವೆಯಿಂದ ಷರತ್ತುಬದ್ಧ ರಕ್ಷಣೆ, ಕೊಡುತ್ತದೆ. ಅದೇ ಸಂದೇಶವನ್ನು ಹೊರಗಿನವರಿಗೂ ಕಳುಹಿಸಿದ್ದರೆ ಈ ವಾದ ಬಹುಮಟ್ಟಿಗೆ ಬಿದ್ದುಹೋಗುತ್ತದೆ.

ಪ್ರಶ್ನೆ: ಹೊರಗೆ ಯಾರಿಗೂ ಕಳುಹಿಸಿಲ್ಲ ಸರ್. ಅವರು ಕ್ರಿಮಿನಲ್ ದೂರನ್ನೂ ಕೊಟ್ಟರೆ? ಕೈದಿಯೊಬ್ಬನ ಆತ್ಮಕಥೆಯ ಪ್ರಕಟಣೆ ಕುರಿತ ಆಟೋ ಶಂಕರ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು ನನಗೆ ನೆರವಾಗುವುದೇ?

ಉತ್ತರ: ಹಿಂದಿನ ಐಪಿಸಿಯ ಬದಲಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಮಾನಹಾನಿಗೆ ಎರಡು ವರ್ಷಗಳವರೆಗೆ ಸಾದಾ ಸಜೆ ಇದೆ. ಅಲ್ಲಿ ಸತ್ಯವೊಂದೇ ಸಾಲದು, ಹೇಳಿದ್ದು ಸಾರ್ವಜನಿಕ ಹಿತಕ್ಕೆಂದೂ ತೋರಿಸಬೇಕು. ತನ್ನ ಅಥವಾ ಇತರರ ಹಿತರಕ್ಷಣೆಗಾಗಿ ಸದ್ಭಾವನೆಯಿಂದ ಮಾಡಿದ ಆರೋಪಕ್ಕೆ ಪ್ರತ್ಯೇಕ ವಿನಾಯಿತಿಯೂ ಇದ್ದು, ಅದು ನಿಮಗೆ ಹತ್ತಿರದ್ದು. ಆಟೋ ಶಂಕರ್ ಪ್ರಕರಣದ 1994ರ ತೀರ್ಪು ಹೆಚ್ಚಿನ ಮುಕ್ತ ಅವಕಾಶ ಕೊಟ್ಟಿರುವುದು ಸರ್ಕಾರಿ ಅಧಿಕಾರಿಗಳ ಕರ್ತವ್ಯ ನಿರ್ವಹಣೆಯ ಟೀಕೆಗೆ. ನಿಮ್ಮ ಕಾರ್ಯದರ್ಶಿ ಖಾಸಗಿ ವ್ಯಕ್ತಿ.

ನೋಟಿಸಿಗೆ ವಕೀಲರ ಮೂಲಕ ಉತ್ತರ ಕೊಡಿ, ಸಂದೇಶವನ್ನು ಅಳಿಸಬೇಡಿ, ಲೆಕ್ಕಪತ್ರಗಳ ಪ್ರತಿಗಾಗಿ ಸಂಘಕ್ಕೆ ಇಂದೇ ಲಿಖಿತವಾಗಿ ಕೇಳಿ. ದಾವೆಯ ಸಮನ್ಸ್ ಬಂದರೆ ಲಿಖಿತ ಹೇಳಿಕೆ, ಅಂದರೆ ದಾವೆಗೆ ನಿಮ್ಮ ಉತ್ತರ, ಸಲ್ಲಿಸಲು ಸಾಮಾನ್ಯವಾಗಿ ಸಿಗುವುದು 30 ದಿನ.