ಸೆನೆಟ್ ನಾಯಕನ ಆಯ್ಕೆಯಲ್ಲಿ ನಾಗರಿಕ ಹಕ್ಕುಗಳ ದಾಖಲೆ ಎಷ್ಟು ತೂಗುತ್ತೆ?

ಕಡತಪ್ರಿಯ: ವರ್ಣಭೇದ ತೊಡೆಯೋಕೆ ಬಂದ ಅಮೆರಿಕದ 1964ರ ನಾಗರಿಕ ಹಕ್ಕುಗಳ ಮಸೂದೆಯನ್ನು ಸೆನೆಟ್‌ನಲ್ಲಿ ದಡ ಮುಟ್ಟಿಸಿದವರು ಹ್ಯೂಬರ್ಟ್ ಹಂಫ್ರಿ. ಅದನ್ನು ತಡೆಯೋಕೆ 14 ಗಂಟೆಗೂ ಹೆಚ್ಚು ಮಾತಾಡಿದವರು ರಾಬರ್ಟ್ ಬರ್ಡ್. ಇಬ್ಬರೂ ಡೆಮಾಕ್ರಟ್‌ಗಳೇ. 1977ರಲ್ಲಿ ಬಹುಮತದ ನಾಯಕನ ಸ್ಥಾನಕ್ಕೆ ಇಬ್ಬರೂ ನಿಂತಾಗ ಅದು ಸಿಕ್ಕಿದ್ದು ಬರ್ಡ್‌ಗೆ. ಯಾಕೆ? ಒಬ್ಬ ಸೆನೆಟರ್‌ನ ದಾಖಲೆ ನೋಡಬೇಕಾದರೆ ಯಾವ ಮತ ಹುಡುಕಬೇಕು?

ಮೂರನೇ_ಸಾಲು: ಅಲ್ಲಿ ಮತ ಹಾಕುವವರು ಜನರಲ್ಲ, ಪಕ್ಷದ ಸೆನೆಟರ್‌ಗಳು ಮಾತ್ರ. ಅದೂ ಗುಪ್ತ ಮತದಾನ. ಹಾಗಾಗಿ 'ಇವನು ನನಗೇನು ಮಾಡಿಕೊಟ್ಟ' ಅನ್ನೋದೇ ಮುಂದೆ ಬರುತ್ತೆ. ಬರ್ಡ್ ವರ್ಷಗಟ್ಟಲೆ ಮಾಡಿದ್ದೂ ಅದನ್ನೇ: ಯಾರ ತಿದ್ದುಪಡಿ ಯಾವಾಗ ಬರಬೇಕು, ಯಾರು ಊರಲ್ಲಿಲ್ಲದಾಗ ಮತಕ್ಕೆ ಹಾಕಬಾರದು ಅಂತ ಸದನದ ವೇಳಾಪಟ್ಟಿ ನೋಡಿಕೊಳ್ಳೋದು. 1971ರಲ್ಲಿ ಇದೇ ಬಲದಿಂದ ವಿಪ್ (ಅಲ್ಲಿ ನಾಯಕನ ನಂತರದ ಹುದ್ದೆ) ಸ್ಥಾನಕ್ಕೆ ಎಡ್ವರ್ಡ್ ಕೆನಡಿಯನ್ನು 31–24ರಲ್ಲಿ ಸೋಲಿಸಿದ್ದರು. ಆ 31ರಲ್ಲಿ ಒಂದು ಮತ ಹಕ್ಕು ಮಸೂದೆಗಳ ಕಡುವಿರೋಧಿ ರಿಚರ್ಡ್ ರಸೆಲ್ ಅವರ ಪ್ರಾಕ್ಸಿ, ಅಂದರೆ ಅವರ ಪರವಾಗಿ ಬೇರೆಯವರು ಹಾಕಿದ ಮತ. ಅವರು ಅದೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. 1977ರಲ್ಲಂತೂ ಎಣಿಕೆಯೇ ನಡೆಯಲಿಲ್ಲ. ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಹಂಫ್ರಿಗೆ ಮತ ಸಾಲದು ಅಂತ ಗೊತ್ತಾಗಿತ್ತು, ಹಿಂದೆ ಸರಿದರು.

ತಿದ್ದುಪಡಿ_ಓದುಗ: ಎರಡನೇ ಪ್ರಶ್ನೆಗೆ: ಬರೀ ಅಂತಿಮ ಮತ ನೋಡಿದರೆ ಮೋಸ ಹೋಗ್ತೀರಿ. ಮಸೂದೆಯ ಹಲ್ಲು ಕೀಳೋದು ತಿದ್ದುಪಡಿಯಲ್ಲಿ. 1957ರ ಮಸೂದೆಗೆ ಬಂದ ಜ್ಯೂರಿ ತಿದ್ದುಪಡಿ ನೋಡಿ, 51–42ರಲ್ಲಿ ಪಾಸಾಯ್ತು. ಮತದಾನದ ಹಕ್ಕು ಕಿತ್ತುಕೊಂಡ ಅಧಿಕಾರಿ ಕೋರ್ಟ್ ಆದೇಶ ಮೀರಿ ಕ್ರಿಮಿನಲ್ ನ್ಯಾಯಾಂಗ ನಿಂದನೆಗೆ ಸಿಕ್ಕಿಬಿದ್ದರೆ ಜ್ಯೂರಿ, ಅಂದರೆ ತಪ್ಪಿತಸ್ಥನೋ ಅಲ್ಲವೋ ಅಂತ ತೀರ್ಮಾನಿಸುವ ಸಾಮಾನ್ಯ ನಾಗರಿಕರ ತಂಡ ಕೇಳಬಹುದು ಅಂತ. ದಕ್ಷಿಣದಲ್ಲಿ ಜ್ಯೂರಿ ಅಂದರೆ ಹೆಚ್ಚುಕಡಿಮೆ ಬಿಳಿಯರೇ, ಶಿಕ್ಷೆ ಆಗೋ ಮಾತೇ ಇಲ್ಲ. ಲಿಂಡನ್ ಜಾನ್ಸನ್, ಜಾನ್ ಕೆನಡಿ ಇಬ್ಬರೂ ಅದರ ಪರ ಮತ ಹಾಕಿದ್ದರು. ಅಂತಿಮ ಮತದಲ್ಲಿ ಇಬ್ಬರೂ 'ಹೌದು', ದಾಖಲೆ ಚೊಕ್ಕ!

ಆಮೇಲೆ ಕ್ಲೋಚರ್, ಅಂದರೆ ಚರ್ಚೆ ಮುಗಿಸುವ ಗೊತ್ತುವಳಿ. 1964ರಲ್ಲಿ ಅದಕ್ಕೆ ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ ಬೇಕಿತ್ತು. ಜೂನ್ 10ರಂದು 71–29. ನಿಜವಾದ ಕಾಳಗ ಅದೇ. 19ರ ಅಂತಿಮ ಮತ 73–27. ಎರಡನ್ನೂ ಒಟ್ಟಿಗೇ ಇಟ್ಟು ನೋಡಿ: ಐಯೋವಾದ ಹಿಕನ್‌ಲೂಪರ್ ಕ್ಲೋಚರ್‌ಗೆ ಹೌದು ಅಂದು ಮಸೂದೆಗೆ ಇಲ್ಲ ಅಂದರು. ಗೋಲ್ಡ್‌ವಾಟರ್ 1957ರಲ್ಲಿ ಹೌದು ಅಂದವರು 1964ರಲ್ಲಿ ಎರಡಕ್ಕೂ ಇಲ್ಲ ಅಂದರು, ಮುಂದಿನ ತಿಂಗಳೇ ರಿಪಬ್ಲಿಕನ್ ಅಧ್ಯಕ್ಷೀಯ ಅಭ್ಯರ್ಥಿಯಾದರು.

ಸೆನೆಟ್‌ನ ತಾಣದಲ್ಲಿ ಹೆಸರುವಾರು ಮತಗಳ ಪಟ್ಟಿ ಸಿಗೋದು 1989ರಿಂದ. ಹಳೆಯದಕ್ಕೆ ವೋಟ್‌ವ್ಯೂ ಅನ್ನೋ ಜಾಲತಾಣ. ಧ್ವನಿಮತದಲ್ಲಿ ಪಾಸಾಗಿದ್ದರೆ ಯಾರ ಹೆಸರೂ ಸಿಗಲ್ಲ.

ಮೂರನೇ_ಸಾಲು: ಟ್ರೆಂಟ್ ಲಾಟ್ ಪ್ರಕರಣವನ್ನೂ ಸೇರಿಸಿಕೊಳ್ಳಿ. ಕೆಳಮನೆಯಲ್ಲಿದ್ದಾಗ 1982ರ ಮತದಾನ ಹಕ್ಕು ಕಾಯ್ದೆ ವಿಸ್ತರಣೆಗೂ 1983ರ ಮಾರ್ಟಿನ್ ಲೂಥರ್ ಕಿಂಗ್ ರಜಾದಿನಕ್ಕೂ ವಿರುದ್ಧ ಮತ ಹಾಕಿದ್ದವರು. 1996ರಲ್ಲಿ ಸೆನೆಟ್‌ನ ರಿಪಬ್ಲಿಕನ್ ನಾಯಕರಾಗೋಕೆ ಅದೇನೂ ಅಡ್ಡಿಯಾಗಲಿಲ್ಲ. 2002ರ ಡಿಸೆಂಬರ್ 5ರಂದು ಸ್ಟ್ರಾಮ್ ಥರ್ಮಂಡ್ ಅವರ ನೂರನೇ ಹುಟ್ಟುಹಬ್ಬದಲ್ಲಿ, ವರ್ಣಭೇದದ ಪರವಾಗಿ ನಡೆದ 1948ರ ಅವರ ಅಧ್ಯಕ್ಷೀಯ ಸ್ಪರ್ಧೆಯನ್ನು ಹೊಗಳಿದರು. 20ಕ್ಕೆ ನಾಯಕತ್ವ ಹೋಯ್ತು. ಮತ ಹಳೆಯವೇ, ಪಕ್ಷಕ್ಕೆ ಮುಜುಗರ ಆದದ್ದು ಆಗ. 2006ರಲ್ಲಿ ಅದೇ ಗುಪ್ತ ಮತದಾನದಲ್ಲಿ 25–24ರಿಂದ ವಿಪ್ ಆಗಿ ವಾಪಸ್.

ಕಡತಪ್ರಿಯ: ಇದೇ ರೀತಿ ನಮ್ಮ ಶಾಸಕರದ್ದೂ ನೋಡಬಹುದಾ?

ತಿದ್ದುಪಡಿ_ಓದುಗ: ಕಷ್ಟ. 1985ರ ಪಕ್ಷಾಂತರ ನಿಷೇಧದ ನಂತರ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೇ ಕುತ್ತು, ಮೇಲಾಗಿ ಬಹುತೇಕ ಮಸೂದೆಗಳು ಧ್ವನಿಮತದಲ್ಲೇ ಮುಗಿಯುತ್ತವೆ. ಇಲ್ಲಿ ಮತಕ್ಕಿಂತ ಸದನದ ನಡಾವಳಿಯಲ್ಲಿರುವ ಭಾಷಣ, ಎತ್ತಿದ ಪ್ರಶ್ನೆಗಳನ್ನು ಓದಿ.