ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ ಸೇರಿ 5 ತಿಂಗಳು: ವೀಸಾ ದಿನ ಹೊಂದಿಸೋದು ಹೇಗೆ?

ದೂರದಾರಿ_61 | 2025 ಸೆಪ್ಟೆಂಬರ್ 14

ಎಲ್ಲರಿಗೂ ನಮಸ್ಕಾರ. ನನಗೆ 61, ನಿವೃತ್ತ. ಮನೆಯವರಿಗೆ 57. ಊರು ಹುಬ್ಬಳ್ಳಿ. ನವೆಂಬರ್ 5ಕ್ಕೆ ಬೆಂಗಳೂರಿಂದ ಹೊರಟು ಅದೇ ದಿನ ಚಿಯಾಂಗ್ ಮಾಯ್ ಸೇರಿ, ಅಲ್ಲಿ ಮೂರು ತಿಂಗಳು ಒಂದು ಮನೆ ಬಾಡಿಗೆ ಹಿಡಿಯುವ ಯೋಚನೆ. ಆಮೇಲೆ ಲಾವೋಸ್, ವಿಯೆಟ್ನಾಂ ನೋಡಿಕೊಂಡು 2026ರ ಏಪ್ರಿಲ್ 5ಕ್ಕೆ ವಾಪಸ್.

ಪ್ರಶ್ನೆಗಳು: ಭಾರತದವರಿಗೆ ಈಗ, 2025ರಲ್ಲಿ, ಥಾಯ್ಲೆಂಡ್‌ನಲ್ಲಿ ವೀಸಾ ಇಲ್ಲದೆ 60 ದಿನ ಅಂತಿದೆ. 60 ಮುಗಿದ ಮೇಲೆ ಲಾವೋಸ್ ಗಡಿ ದಾಟಿ ಮರುದಿನ ವಾಪಸ್ ಬಂದರೆ ಮತ್ತೆ 60 ಸಿಗುತ್ತೆ ಅಂತ ಕೆಲವರು ಹೇಳ್ತಾರೆ. ಇದು ಸರಿಯಾದ ದಾರಿಯೇ, ಅಥವಾ ಅಲ್ಲೇ ಅರ್ಜಿ ಹಾಕಿ ದಿನ ಹೆಚ್ಚಿಸಿಕೊಳ್ಳಬೇಕೇ? ಹೋಗಿಬರುವ ಟಿಕೆಟ್ ಎರಡೂ ಬ್ಯಾಂಕಾಕ್‌ಗೇ ತೆಗೆದರೆ ಅಗ್ಗ, ತೆಗೆಯಬಹುದೇ? ಇನ್ನೊಂದು, ಮನೆಯವರ ಪಾಸ್‌ಪೋರ್ಟಿನಲ್ಲಿ ಇಸಿಆರ್ ಮುದ್ರೆ, ಅಂದರೆ ವಲಸೆ ತಪಾಸಣೆ ಬೇಕು ಅನ್ನುವ ಗುರುತು ಇದೆ (ಎಸ್ಸೆಸ್ಸೆಲ್ಸಿ ಆಗಿಲ್ಲ), ಸರ್‌ನೇಮ್ ಜಾಗ ಖಾಲಿ ಇದೆ. ತೊಂದರೆ ಆಗುತ್ತಾ?

ಗಡಿಗೆರೆ | ಸೆಪ್ಟೆಂಬರ್ 14

ಸರ್, ಗಡಿ ದಾಟಿ ಮರುದಿನ ಬರುವ ಯೋಚನೆ ಬಿಟ್ಟುಬಿಡಿ. ನಿಮ್ಮ ದಿನಗಳಿಗೆ ಅದರ ಅಗತ್ಯವೇ ಇಲ್ಲ. ವೀಸಾ ಇಲ್ಲದೆ ಭೂಗಡಿಯಿಂದ ಒಳಬರುವುದಕ್ಕೆ ಒಂದು ಕ್ಯಾಲೆಂಡರ್ ವರ್ಷದಲ್ಲಿ ಎರಡೇ ಸಲ ಅವಕಾಶ. ಆ ಎರಡು ಸಲವೂ ಹಕ್ಕಲ್ಲ, ಅಧಿಕಾರಿಯ ತೀರ್ಮಾನ. 60 ದಿನ ಇದ್ದು ನಿನ್ನೆ ಹೊರಟು ಇವತ್ತು ಮರಳಿ ನಿಂತವರನ್ನು ಕಂಡರೆ ಇವರು ಪ್ರವಾಸಿಗಳಲ್ಲ, ಇಲ್ಲೇ ವಾಸ ಮಾಡ್ತಿದ್ದಾರೆ ಅನ್ನುವ ಅನುಮಾನ ಬರುವುದು ಸಹಜ. ಜೊತೆಗೆ ಆ ಒಂದು ರಾತ್ರಿಗೆ ಲಾವೋಸ್ ವೀಸಾ ಇಬ್ಬರಿಗೂ ಬೇಕು. ದುಡ್ಡೂ ಹೋಯಿತು, ಪಾಸ್‌ಪೋರ್ಟಿನ ಒಂದೊಂದು ಇಡೀ ಪುಟವೂ ಹೋಯಿತು, ಏಕೆಂದರೆ ಲಾವೋಸ್ ಸ್ಟಿಕ್ಕರ್ ಪುಟ ತುಂಬ ಅಂಟಿಸುತ್ತಾರೆ.

ಅಲ್ಲೇ ಅರ್ಜಿ ಹಾಕಿ ದಿನ ಹೆಚ್ಚಿಸಿಕೊಳ್ಳುವ ಎಕ್ಸ್‌ಟೆನ್ಷನ್ ಮಾಡಿಸಿ. 1,900 ಬಾತ್, 30 ದಿನ, ಒಂದೇ ಸಲ. ಎರಡನೇ ಸಲ ಕೇಳಿದರೆ ಸಾಮಾನ್ಯವಾಗಿ 7 ದಿನ ಕೊಟ್ಟು ಹೊರಡಿ ಅಂತಾರೆ.

ಈಗ ದಿನದ ಲೆಕ್ಕ. ಇಲ್ಲೇ ಹೆಚ್ಚು ಜನ ಎಡವುವುದು. ಕಾಲಿಟ್ಟ ದಿನವೇ 1ನೇ ದಿನ, ಅದು ರಾತ್ರಿ 11 ಗಂಟೆಯಾದರೂ ಸರಿ. ನವೆಂಬರ್ 5ಕ್ಕೆ ಒಳಗೆ ಬಂದರೆ ನವೆಂಬರಿನಲ್ಲಿ 26 ದಿನ, ಡಿಸೆಂಬರಿನಲ್ಲಿ 31, ಒಟ್ಟು 57. ಹಾಗಾಗಿ 60ನೇ ದಿನ ಜನವರಿ 3. ನಾವು 'ಎರಡು ತಿಂಗಳು, ಅಂದರೆ ಜನವರಿ 5ರವರೆಗೆ' ಅಂದುಕೊಂಡರೆ ಎರಡು ದಿನ ಹೆಚ್ಚಾಗಿ ಉಳಿದ ಹಾಗೆ. ಕೌಂಟರ್ ಬಿಡುವ ಮೊದಲು ಮುದ್ರೆಯ ಮೇಲಿನ 'ಇಲ್ಲಿಯವರೆಗೆ' ತಾರೀಖು ಇಬ್ಬರದೂ ನೋಡಿಕೊಳ್ಳಿ. ತಪ್ಪಿದ್ದರೆ ಆಗಲೇ ಹೇಳಿದರೆ ಅಲ್ಲೇ ತಿದ್ದುತ್ತಾರೆ, ಮನೆಗೆ ಹೋಗಿ ನೋಡಿದರೆ ಕಚೇರಿ ಅಲೆದಾಟ.

ಆ ಜನವರಿ 3 ಶನಿವಾರ ಬೇರೆ. ಡಿಸೆಂಬರ್ 31 ಮತ್ತು ಜನವರಿ 1 ಥಾಯ್ಲೆಂಡ್‌ನಲ್ಲಿ ಸರ್ಕಾರಿ ರಜೆ. ಡಿಸೆಂಬರ್ 5 ಮತ್ತು 10 ಕೂಡ ರಜೆ. ಆದ್ದರಿಂದ ಡಿಸೆಂಬರ್ 15ರಿಂದ 26ರ ನಡುವೆ ಹೋಗಿ ಬನ್ನಿ. ಬೇಗ ಹೋದರೆ ದಿನ ಕಳೆದುಕೊಳ್ಳುವುದಿಲ್ಲ. ಹೊಸ 30 ದಿನ ಅರ್ಜಿ ಕೊಟ್ಟ ದಿನದಿಂದಲ್ಲ, ಜನವರಿ 3ರ ಮುಂದಕ್ಕೆ ಸೇರುತ್ತದೆ. ಅಂದರೆ ಫೆಬ್ರವರಿ 2ರವರೆಗೆ.

ಮೇಕಾಂಗ್_ತೀರ | ಸೆಪ್ಟೆಂಬರ್ 15

ಗಡಿಗೆರೆಯವರ ಲೆಕ್ಕ ಸರಿ. ಎಕ್ಸ್‌ಟೆನ್ಷನ್ ಕಾಗದಪತ್ರ ನಾನು ಸೇರಿಸ್ತೀನಿ.

ಒಬ್ಬೊಬ್ಬರಿಗೂ ಬೇಕಾದದ್ದು: ಟಿಎಂ 7 ಫಾರಂ, 4×6 ಸೆಂ.ಮೀ. ಫೋಟೋ ಒಂದು, ಪಾಸ್‌ಪೋರ್ಟಿನ ಫೋಟೋ ಪುಟದ ಮತ್ತು ಪ್ರವೇಶ ಮುದ್ರೆ ಇರುವ ಪುಟದ ಜೆರಾಕ್ಸ್, ಡಿಜಿಟಲ್ ಅರೈವಲ್ ಕಾರ್ಡಿನ ಪ್ರಿಂಟ್, ಮನೆ ವಿಳಾಸ ದಾಖಲಾದ ಟಿಎಂ 30 ರಸೀದಿ, 1,900 ಬಾತ್ ನಗದು. ಪ್ರತಿ ಜೆರಾಕ್ಸ್ ಮೇಲೂ ಪಾಸ್‌ಪೋರ್ಟಿನಲ್ಲಿರುವ ಹಾಗೇ ಸಹಿ. ಕನ್ನಡದಲ್ಲಿ ಸಹಿ ಮಾಡುವವರು ಕನ್ನಡದಲ್ಲೇ ಮಾಡಿ. ಗಂಡ ಹೆಂಡತಿ ಇಬ್ಬರೂ ಖುದ್ದು ಹೋಗಬೇಕು. ಚಿಯಾಂಗ್ ಮಾಯ್ ಇಮಿಗ್ರೇಷನ್ ಕಚೇರಿ ವಿಮಾನ ನಿಲ್ದಾಣದ ರಸ್ತೆಯಲ್ಲೇ ಇದೆ. ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆಗೆಯುತ್ತದೆ, 12ರಿಂದ 1 ಊಟದ ಬಿಡುವು. ಬೆಳಿಗ್ಗೆಯೇ ಟೋಕನ್ ತೆಗೆದುಕೊಂಡರೆ ಕ್ಷೇಮ.

ಇದರಲ್ಲಿ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಯಾವಾಗಲೂ ಟಿಎಂ 30ರಲ್ಲಿ. ವಿದೇಶಿಯರು ಬಂದು ಇಳಿದ 24 ಗಂಟೆಯೊಳಗೆ ಮನೆ ಮಾಲೀಕರು ಇಮಿಗ್ರೇಷನ್‌ಗೆ ತಿಳಿಸಬೇಕು. ಹೋಟೆಲಿನವರು ತಾವೇ ಮಾಡುತ್ತಾರೆ. ಬಾಡಿಗೆ ಮನೆ, ಕಾಂಡೋ ಮಾಲೀಕರಲ್ಲಿ ಹಲವರು ಮಾಡುವುದಿಲ್ಲ, ಕೆಲವರಿಗೆ ತೆರಿಗೆ ಭಯ. ಅಡ್ವಾನ್ಸ್ ಕೊಡುವ ಮೊದಲೇ 'ಟಿಎಂ 30 ಮಾಡಿಕೊಡ್ತೀರಾ' ಅಂತ ಬರಹದಲ್ಲಿ ಕೇಳಿ. ಹಿಂದೆ ಮುಂದೆ ನೋಡಿದರೆ ಬೇರೆ ಮನೆ ನೋಡಿ. ಮೂರು ತಿಂಗಳ ಬಾಡಿಗೆ ಕಟ್ಟಿದ ಮೇಲೆ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ.

ಅರೈವಲ್ ಕಾರ್ಡ್ ಈ ವರ್ಷ ಮೇ 1ರಿಂದ ಆನ್‌ಲೈನ್‌ನಲ್ಲೇ. ಬರುವ ದಿನಕ್ಕೆ 3 ದಿನ ಮೊದಲಿನಿಂದ ತುಂಬಬಹುದು, ಪೂರ್ತಿ ಉಚಿತ. ದುಡ್ಡು ಕೇಳುವ ತಾಣ ಸಿಕ್ಕರೆ ಅದು ಸರ್ಕಾರದ್ದಲ್ಲ. ಥಾಯ್ ಸರ್ಕಾರಿ ತಾಣಗಳ ವಿಳಾಸ 'ಡಾಟ್ ಗೋ ಡಾಟ್ ಟಿಎಚ್' ಅಂತಲೇ ಮುಗಿಯುತ್ತದೆ.

ಒಂದು ಎಚ್ಚರಿಕೆ: ಎಕ್ಸ್‌ಟೆನ್ಷನ್ ಆದ ಮೇಲೆ ನಡುವೆ ಒಂದು ದಿನ ಹೊರದೇಶಕ್ಕೆ ಹೋದರೂ ಉಳಿದ ದಿನಗಳು ರದ್ದು. ಉಳಿಸಿಕೊಳ್ಳಬೇಕಾದರೆ ಹೊರಡುವ ಮೊದಲೇ ರೀ-ಎಂಟ್ರಿ ಪರ್ಮಿಟ್ ತೆಗೆದುಕೊಳ್ಳಬೇಕು. ಟಿಎಂ 8 ಫಾರಂ, ಒಂದು ಸಲಕ್ಕೆ 1,000 ಬಾತ್.

ಸಹ್ಯಾದ್ರಿ_ಪಯಣ | ಸೆಪ್ಟೆಂಬರ್ 15

ಟಿಕೆಟ್ ವಿಷಯ ಯಾರೂ ಹೇಳಲಿಲ್ಲ. ನಿಮಗೆ ಮೊದಲ ತಡೆ ಬ್ಯಾಂಕಾಕ್‌ನಲ್ಲಿ ಅಲ್ಲ, ಬೆಂಗಳೂರಿನ ಚೆಕ್-ಇನ್ ಕೌಂಟರಿನಲ್ಲೇ. ನವೆಂಬರ್ 5ಕ್ಕೆ ಹೋಗಿ ಏಪ್ರಿಲ್ 5ಕ್ಕೆ ವಾಪಸ್ ಬರುವ ಟಿಕೆಟ್ ತೋರಿಸಿದರೆ 'ನಿಮಗಿರುವುದು 60 ದಿನ, ಟಿಕೆಟ್ 150 ದಿನದ್ದು' ಅಂತ ನಿಲ್ಲಿಸುತ್ತಾರೆ. 'ಅಲ್ಲಿ ಹೋಗಿ ಎಕ್ಸ್‌ಟೆನ್ಷನ್ ಮಾಡಿಸ್ತೀವಿ' ಅಂದರೆ ಒಪ್ಪುವುದಿಲ್ಲ, ಏಕೆಂದರೆ ಇನ್ನೂ ಸಿಗದ ದಿನ ಲೆಕ್ಕಕ್ಕಿಲ್ಲ. ಅಲ್ಲಿ ಒಳಗೆ ಬಿಡದೆ ವಾಪಸ್ ಕಳಿಸಿದರೆ ಕರೆತರುವ ಹೊಣೆ ವಿಮಾನ ಕಂಪನಿಯದು, ಅದಕ್ಕೇ ಅಷ್ಟು ಬಿಗಿ.

ಹಾಗಾಗಿ ಜನವರಿ 3ರೊಳಗೆ ಥಾಯ್ಲೆಂಡ್ ಬಿಡುವ ಟಿಕೆಟ್ ಒಂದು ಕೈಯಲ್ಲಿರಲಿ. ನೀವು ನಿಜಕ್ಕೂ ಹೊರಡುವುದು ರಸ್ತೆಯಲ್ಲಿ, ಆದ್ದರಿಂದ ಪೂರ್ತಿ ಹಣ ವಾಪಸ್ ಬರುವ ವಿಮಾನ ಟಿಕೆಟ್ ತೆಗೆದು ಎಕ್ಸ್‌ಟೆನ್ಷನ್ ಸಿಕ್ಕ ಮೇಲೆ ರದ್ದು ಮಾಡಿ. ತಿದ್ದಿದ ಪಿಡಿಎಫ್, 'ಡಮ್ಮಿ ಟಿಕೆಟ್' ಗೋಜಿಗೆ ದಯವಿಟ್ಟು ಹೋಗಬೇಡಿ. ಪಿಎನ್‌ಆರ್ ಹಾಕಿದ ಕ್ಷಣ ಗೊತ್ತಾಗುತ್ತದೆ. ವಾಪಸ್ ಟಿಕೆಟ್ ಬ್ಯಾಂಕಾಕ್‌ನಿಂದ ಬೇಡ, ನಿಮ್ಮ ಪಯಣ ಮುಗಿಯುವ ವಿಯೆಟ್ನಾಂನಿಂದ ತೆಗೆಯಿರಿ. ಕೇಳಿದರೆ ತೋರಿಸಲು ತಲಾ 20,000 ಬಾತ್‌ನಷ್ಟು ನಗದು ಇಟ್ಟುಕೊಳ್ಳಿ, ಕಾರ್ಡ್ ತೋರಿಸಿದರೆ ಸಾಲದು.

ಇಸಿಆರ್ ಬಗ್ಗೆ: ಕೆಲಸಕ್ಕೆ ಹೋಗುವವರ ರಕ್ಷಣೆಗೆ ಇರುವ ಮುದ್ರೆ ಅದು. ಪಟ್ಟಿಯಲ್ಲಿರುವ 18 ದೇಶಗಳಲ್ಲಿ ಥಾಯ್ಲೆಂಡ್ ಕೂಡ ಇದೆ. ಪ್ರವಾಸಕ್ಕೆ ಹೋಗಲು ಅಡ್ಡಿಯಿಲ್ಲ, ಆದರೆ ನಮ್ಮ ಕಡೆಯ ಇಮಿಗ್ರೇಷನ್‌ನಲ್ಲಿ ಟಿಕೆಟ್, ಉಳಿಯುವ ಜಾಗ ಎಲ್ಲ ಕೇಳುತ್ತಾರೆ. 50 ದಾಟಿದವರಿಗೆ ಓದು ಎಷ್ಟೇ ಇರಲಿ, ಇಸಿಆರ್ ಬೇಕಿಲ್ಲ. ಮೇಡಂಗೆ 57 ಅಂದಿರಿ, ರೀಇಷ್ಯೂ ಅರ್ಜಿಯಲ್ಲಿ ಇಸಿಆರ್ ತೆಗೆಯಲು ಕೇಳಿ. ಹುಬ್ಬಳ್ಳಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. 36 ಪುಟಕ್ಕೆ 1,500 ರೂಪಾಯಿ, 60 ಪುಟಕ್ಕೆ 2,000, ತತ್ಕಾಲ್ ಆದರೆ ಮೇಲೆ 2,000. ಸ್ಟಿಕ್ಕರ್ ವೀಸಾ ಇರುವ ದೇಶ ಸುತ್ತುವವರಿಗೆ 60 ಪುಟದ್ದೇ ಒಳ್ಳೆಯದು.

ಅದೇ ಅರ್ಜಿಯಲ್ಲಿ ಹೆಸರೂ ಸರಿಮಾಡಿಸಿ. ನಮ್ಮ ಕಡೆ ಎಷ್ಟೋ ಪಾಸ್‌ಪೋರ್ಟಿನಲ್ಲಿ ಹೆಸರು, ಅಪ್ಪನ ಅಥವಾ ಗಂಡನ ಹೆಸರು ಎಲ್ಲ ಗಿವನ್ ನೇಮ್‌ನಲ್ಲೇ ಸೇರಿ ಸರ್‌ನೇಮ್ ಖಾಲಿ ಇರುತ್ತದೆ. ವಿಮಾನ ಟಿಕೆಟ್ ತಾಣ ಸರ್‌ನೇಮ್ ಇಲ್ಲದೆ ಮುಂದಕ್ಕೆ ಹೋಗುವುದಿಲ್ಲ. ನಾವು ಅಲ್ಲೊಂದು, ವೀಸಾ ಫಾರಂನಲ್ಲಿ ಇನ್ನೊಂದು ಹೆಸರು ತುಂಬುತ್ತೇವೆ, ಗಡಿಯಲ್ಲಿ ಎರಡೂ ತಾಳೆಯಾಗುವುದಿಲ್ಲ. ಈಗಲೇ ಅರ್ಜಿ ಹಾಕಿ, ಹೊಸ ನಂಬರ್ ಬಂದ ಮೇಲೇ ಟಿಕೆಟ್ ಮತ್ತು ವೀಸಾ.

ಪಿಂಚಣಿ ಇದ್ದರೆ ಜೀವಂತ ಪ್ರಮಾಣಪತ್ರ ಮರೆಯಬೇಡಿ, ನವೆಂಬರಿನಲ್ಲೇ ಕೊಡಬೇಕು. ನವೆಂಬರ್ 1 ರಾಜ್ಯೋತ್ಸವ, 2 ಭಾನುವಾರ. ಬ್ಯಾಂಕಿಗೆ ಹೋಗಿ ಕೊಡುವುದಾದರೆ 3 ಮತ್ತು 4 ಎರಡೇ ದಿನ.

ದೂರದಾರಿ_61 | ಸೆಪ್ಟೆಂಬರ್ 16

ತುಂಬಾ ಉಪಕಾರವಾಯಿತು. ಪಾಸ್‌ಪೋರ್ಟ್ ಅಪಾಯಿಂಟ್‌ಮೆಂಟ್ ಇವತ್ತೇ ತೆಗೆದುಕೊಂಡೆ, ಇಬ್ಬರಿಗೂ 60 ಪುಟದ್ದು. ಲಾವೋಸ್ ಗಡಿ ಜನವರಿ ಕೊನೆಗೆ ದಾಟುತ್ತೇವೆ. ಲಾವೋಸ್ ವೀಸಾ ಗಡಿಯಲ್ಲೇ ಸಿಗುತ್ತಾ? ವಿಯೆಟ್ನಾಂ ಇ-ವೀಸಾ 90 ದಿನ ಅಂತಾರಲ್ಲ, ಅದನ್ನು ಈಗಲೇ ತೆಗೆದಿಡಲೇ? ಬೇಸರವಾಗಿ ನಾಲ್ಕು ದಿನ ಹೆಚ್ಚು ಉಳಿದರೆ ದಂಡ ಕಟ್ಟಿದರೆ ಆಯಿತಲ್ಲವೇ?

ಮೇಕಾಂಗ್_ತೀರ | ಸೆಪ್ಟೆಂಬರ್ 16

ಲಾವೋಸ್: ಚಿಯಾಂಗ್ ಖೋಂಗ್ ಕಡೆಯಿಂದ ಹುವಾಯ್‌ಸಾಯ್‌ಗೆ ಹೋಗುವ ನಾಲ್ಕನೇ ಸ್ನೇಹ ಸೇತುವೆಯಲ್ಲಿ ಭಾರತದವರಿಗೆ 30 ದಿನದ ವೀಸಾ ಅಲ್ಲೇ ಕೊಡುತ್ತಾರೆ. ಇ-ವೀಸಾ ಕೂಡ ಇದೆ, ಆದರೆ ಎಲ್ಲ ಗಡಿಯಲ್ಲೂ ನಡೆಯುವುದಿಲ್ಲ. ಕ್ರಮ ಹೀಗೆ: ಥಾಯ್ ಕಡೆ ಹೊರಹೋಗುವ ಮುದ್ರೆ, ಸೇತುವೆ ಮೇಲೆ ನಡೆಯಲು ಬಿಡುವುದಿಲ್ಲ, ಬಸ್ಸಿನಲ್ಲೇ ದಾಟಬೇಕು. ಆ ಕಡೆ ಒಂದು ಕಿಟಕಿಯಲ್ಲಿ ಫಾರಂ, ಫೋಟೋ, ಪಾಸ್‌ಪೋರ್ಟ್ ಕೊಟ್ಟರೆ ಸ್ಟಿಕ್ಕರ್ ಅಂಟಿಸಿ ಕೊಡುತ್ತಾರೆ. ಅಷ್ಟಕ್ಕೇ ಮುಗಿಯಲಿಲ್ಲ. ಪಕ್ಕದ ಕೌಂಟರಿನಲ್ಲಿ ಪ್ರವೇಶದ ಮುದ್ರೆ ಬೇರೆಯಾಗಿ ಹಾಕಿಸಬೇಕು. ಸ್ಟಿಕ್ಕರ್ ಬಂತು ಅಂತ ಖುಷಿಯಲ್ಲಿ ಹೊರಗೆ ನಡೆದವರು ದೇಶ ಬಿಡುವಾಗ ಒದ್ದಾಡುತ್ತಾರೆ.

ಶುಲ್ಕ ಡಾಲರಿನಲ್ಲೇ ಕೊಡಿ, ಬಾತ್‌ನಲ್ಲಿ ಕೊಟ್ಟರೆ ಅವರು ಹಿಡಿಯುವ ದರದಲ್ಲಿ ಹೆಚ್ಚು ಹೋಗುತ್ತದೆ. ನೋಟು ಹೊಸದಾಗಿರಬೇಕು. ಅಂಚು ಹರಿದ, ಮಡಿಕೆಯಲ್ಲಿ ಸವೆದ, ಪೆನ್ನಿನ ಗೆರೆ ಬಿದ್ದ ನೋಟು ತಿರುಗಿ ಕೊಡುತ್ತಾರೆ. ಹುಬ್ಬಳ್ಳಿಯಲ್ಲೇ ಡಾಲರ್ ತೆಗೆದುಕೊಳ್ಳುವಾಗ ಒಂದೊಂದೇ ನೋಟು ಬೆಳಕಿಗೆ ಹಿಡಿದು ನೋಡಿ, ಪುಸ್ತಕದೊಳಗೆ ಮಡಚದೆ ಇಟ್ಟುಕೊಳ್ಳಿ. 20, 10, 5ರ ನೋಟು ಇರಲಿ.

ಜನವರಿ 31ಕ್ಕೆ ದಾಟಿದರೆ ಲಾವೋಸ್‌ನ 30ನೇ ದಿನ ಮಾರ್ಚ್ 1. ಅಂದಹಾಗೆ ಥಾಯ್ಲೆಂಡಿನಿಂದ ಕಾಂಬೋಡಿಯಾಕ್ಕೆ ರಸ್ತೆಯಲ್ಲಿ ಹೋಗುವ ಯೋಚನೆ ಮಾಡಬೇಡಿ, ಎರಡು ದೇಶಗಳ ಗಡಿ ಜಗಳದಿಂದಾಗಿ 2025ರ ಜೂನ್ ಕೊನೆಯಿಂದ ಆ ಭೂಗಡಿ ಪ್ರವಾಸಿಗಳಿಗೆ ಮುಚ್ಚಿದೆ.

ಗಡಿಗೆರೆ | ಸೆಪ್ಟೆಂಬರ್ 17

ವಿಯೆಟ್ನಾಂ ಈಗಲೇ ಬೇಡ. ಇದರಲ್ಲಿ ಥಾಯ್ಲೆಂಡಿಗಿಂತ ಲೆಕ್ಕ ಬೇರೆ. ಅಲ್ಲಿ 60 ದಿನ ನೀವು ಕಾಲಿಟ್ಟ ದಿನದಿಂದ. ವಿಯೆಟ್ನಾಂ ಇ-ವೀಸಾದಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅಚ್ಚಾಗಿರುತ್ತದೆ. ತಡವಾಗಿ ಹೋದರೆ ಆ ದಿನಗಳು ಹೋದವು, ಕೊನೆಯ ತಾರೀಖು ಮುಂದಕ್ಕೆ ಸರಿಯುವುದಿಲ್ಲ. ಒಂದು ದಿನ ಮೊದಲು ಹೋದರೆ ಒಳಗೇ ಬಿಡುವುದಿಲ್ಲ. ಫೆಬ್ರವರಿ 25 ಅಂತ ಹಾಕಿದರೆ ಮೇ 25ರವರೆಗೆ ಸಿಗುತ್ತದೆ, ನಿಮಗೆ ಏಪ್ರಿಲ್ 5 ಸಾಕು, ಎರಡೂ ಕಡೆ ಉಸಿರಾಡಲು ಜಾಗ ಇದೆ.

ಒಂದೇ ಪ್ರವೇಶಕ್ಕೆ 25 ಡಾಲರ್, ಹಲವು ಪ್ರವೇಶಕ್ಕೆ 50. ತಪ್ಪು ತುಂಬಿದರೂ, ನಿರಾಕರಿಸಿದರೂ ವಾಪಸ್ ಇಲ್ಲ. ಸಾಮಾನ್ಯವಾಗಿ 3 ಕೆಲಸದ ದಿನ ಅಂತಾರೆ, ಆದರೆ ವಿಯೆಟ್ನಾಂನವರ ಹೊಸವರ್ಷವಾದ ಟೆಟ್ ಹಬ್ಬ 2026ರಲ್ಲಿ ಫೆಬ್ರವರಿ 17ಕ್ಕೆ. ಆ ಆಸುಪಾಸು ಕಚೇರಿ ನಡೆಯುವುದಿಲ್ಲ. ಚಿಯಾಂಗ್ ಮಾಯ್ ಬಿಡುವ ಮೊದಲು, ಜನವರಿ ಮೂರನೇ ವಾರದಲ್ಲಿ ಅರ್ಜಿ ಹಾಕಿ ಎರಡು ಪ್ರಿಂಟ್ ತೆಗೆದಿಟ್ಟುಕೊಳ್ಳಿ.

ಫಾರಂನಲ್ಲಿ ತಿರಸ್ಕಾರ ತರುವುದು ಮೂರು: ಪಾಸ್‌ಪೋರ್ಟ್ ಚಿತ್ರದಲ್ಲಿ ಕೆಳಗಿನ ಎರಡು ಸಾಲಿನ ಬಾಣದ ಗುರುತಿನ ಅಕ್ಷರ ಕತ್ತರಿಸಿಹೋಗಿರುವುದು ಅಥವಾ ಲ್ಯಾಮಿನೇಷನ್ ಮೇಲೆ ದೀಪದ ಹೊಳಪು ಬಿದ್ದಿರುವುದು, ಕನ್ನಡಕ ಹಾಕಿದ ಫೋಟೋ, ಹುಟ್ಟಿದ ದಿನದಲ್ಲಿ ತಿಂಗಳು ದಿನ ಅದಲುಬದಲು. ಪ್ರವೇಶದ ಗಡಿ ಯಾವುದು ಅಂತಲೂ ಆಯ್ಕೆ ಮಾಡಬೇಕು. ಲುವಾಂಗ್ ಪ್ರಬಾಂಗ್‌ನಿಂದ ವಿಮಾನವಾದರೆ ಹನೋಯ್‌ನ ನೊಯ್ ಬಾಯ್, ಬಸ್ಸಿನಲ್ಲಿ ದಿಯೆನ್ ಬಿಯೆನ್ ಫು ಕಡೆಗಾದರೆ ತಾಯ್ ಚಾಂಗ್. ಇ-ವೀಸಾ ಒಪ್ಪದ ಸಣ್ಣ ಗಡಿಗಳೂ ಇವೆ, ಬಸ್ ಟಿಕೆಟ್ ತೆಗೆಯುವಾಗ ಯಾವ ಗಡಿ ಅಂತ ಕೇಳಿಯೇ ತೆಗೆಯಿರಿ.

ಇನ್ನು ದಂಡದ ಮಾತು. ಥಾಯ್ಲೆಂಡಿನಲ್ಲಿ ದಿನಕ್ಕೆ 500 ಬಾತ್, ಗರಿಷ್ಠ 20,000. ನೀವೇ ವಿಮಾನ ನಿಲ್ದಾಣಕ್ಕೆ ಹೋಗಿ ಕಟ್ಟಿದರೆ ನಾಲ್ಕು ದಿನಕ್ಕೆ ದುಡ್ಡು ಮತ್ತು ಪಾಸ್‌ಪೋರ್ಟಿನಲ್ಲೊಂದು ಗುರುತು, ಅಷ್ಟೆ. ಆದರೆ ಆ ನಾಲ್ಕು ದಿನದ ನಡುವೆ ಚಿಯಾಂಗ್ ಖೋಂಗ್ ದಾರಿಯ ತಪಾಸಣೆಯಲ್ಲಿ ಪೊಲೀಸರ ಕೈಗೆ ಸಿಕ್ಕರೆ ಅದು ಬಂಧನ, ಜೊತೆಗೆ 5 ವರ್ಷ ಪ್ರವೇಶ ನಿಷೇಧ. ನೀವು ಹೊರಡುವುದು ರಸ್ತೆಯಲ್ಲೇ ಆದ್ದರಿಂದ ಫೆಬ್ರವರಿ 2ರ ಕೊನೆಯ ದಿನಕ್ಕೆ ಕಾಯಬೇಡಿ. ಜನವರಿ 31 ಅಂದದ್ದು ಸರಿಯಾಗಿದೆ, ಬಸ್ ತಪ್ಪಿದರೂ ಎರಡು ದಿನ ಕೈಯಲ್ಲಿರುತ್ತದೆ.